ಮೊಸಾಯಿಕ್ ನೆಲದ ಕೆಳಗೆ ಹೀಟಿಂಗ್: ನೀರಿನ ಪೈಪಾ, ಕರೆಂಟ್ ವೈರಾ?

[ಕ್ಯಾಮೆರಾ ನೆಲದ ಮಟ್ಟದಲ್ಲಿ. ಎಡಗಾಲು ಊಟದ ಮಣೆ ಮೇಲೆ, ಬಲಗಾಲು ಮೊಸಾಯಿಕ್ ನೆಲದ ಮೇಲೆ]

ನಮಸ್ಕಾರ. ಮುಖ ಆಮೇಲೆ, ಮೊದಲು ಕಾಲು ನೋಡಿ.

ಸ್ಟುಟ್‌ಗಾರ್ಟ್ ಹತ್ತಿರ ಮನೆ ಕಟ್ಟಿಸುತ್ತಿರುವ ವೀಕ್ಷಕರೊಬ್ಬರು ಕೇಳಿದ್ದಾರೆ: “ಅಜ್ಜಿ ಮನೆಯಲ್ಲಿದ್ದಂಥ ಮೊಸಾಯಿಕ್ ನೆಲ ಬೇಕು ಅಂತ ಆಸೆ. ಜರ್ಮನಿ ಚಳಿಗೆ ಅದರ ಮೇಲೆ ಕಾಲಿಡೋಕಾಗಲ್ಲ. ನೆಲದಡಿ ಯಾವ ಹೀಟಿಂಗ್ ಹಾಕಿಸಲಿ ಸರ್?”

ನಮ್ಮ ಮೊಸಾಯಿಕ್ ನೆಲಕ್ಕೆ ಅಲ್ಲಿ ಟೆರಾಝೋ ಅಂತಾರೆ. ಮಾರ್ಬಲ್ ಚೂರುಗಳನ್ನು ಸಿಮೆಂಟಿಗೆ ಕಲಸಿ ಹಾಸಿ, ಗಟ್ಟಿಯಾದ ಮೇಲೆ ಮೆಷಿನ್‌ನಲ್ಲಿ ಉಜ್ಜಿ ಪಾಲಿಶ್ ಮಾಡುವುದು. ವೆನಿಸ್ ಕಡೆಯ ಹಳೇ ಕಸುಬು. ಸಾಕು, ಮುಂದೆ ಹೋಗೋಣ.

ಈ ಮಣೆ, ಈ ನೆಲ ಎರಡೂ ಒಂದೇ ಕೋಣೆಯಲ್ಲಿವೆ, ಎರಡರ ಬಿಸಿಯೂ ಒಂದೇ. ಆದರೂ ಬಲಗಾಲಿಗೆ ಮಾತ್ರ ತಣ್ಣಗೆ! ಯಾಕೆ? ಕಲ್ಲು, ಸಿಮೆಂಟು ಕಾಲಿನ ಬಿಸಿಯನ್ನು ಸರ್ರನೆ ಎಳೆದುಕೊಳ್ಳುತ್ತವೆ. ಮರ ನಿಧಾನ.

[ಸ್ಕ್ರೀನ್ ಮೇಲೆ ಲೆಕ್ಕ]

ಪಾದದ ಚರ್ಮ 32 ಡಿಗ್ರಿ, ನೆಲ 20 ಡಿಗ್ರಿ ಅಂದುಕೊಳ್ಳಿ. ಮರದ ಮೇಲೆ ಕಾಲಿಟ್ಟ ತಕ್ಷಣ, ಕಾಲು ತಾಗಿದ ಜಾಗ ಸುಮಾರು 28-29ಕ್ಕೆ ಬಂದು ನಿಲ್ಲುತ್ತದೆ. ಟೆರಾಝೋ ಮೇಲೆ 24-25ಕ್ಕೆ! ಈಗ ಟೆರಾಝೋವನ್ನು 26 ಡಿಗ್ರಿಗೆ ಬಿಸಿ ಮಾಡಿ. ಸುಮಾರು 28. ಅಂದರೆ ದುಡ್ಡು ಸುರಿದು ಹೀಟಿಂಗ್ ಹಾಕಿಸಿ, 26 ಡಿಗ್ರಿಗೆ ತಂದ ಮೊಸಾಯಿಕ್ ನೆಲ, ಬರಿಗಾಲಿಗೆ ಬಿಸಿನೇ ಮಾಡದ ಮರದ ನೆಲದಷ್ಟು ಬೆಚ್ಚಗೆ ಅನ್ನಿಸುತ್ತದೆ, ಅಷ್ಟೇ! ನನಗಂತೂ ಈ ಲೆಕ್ಕ ಮಾಡಿ ನಗು ಬಂತು.

ಅದಕ್ಕೇ ಎಷ್ಟೋ ಜನ “ಹೀಟಿಂಗ್ ಕೆಲಸ ಮಾಡ್ತಿಲ್ಲ” ಅಂತ ಪ್ಲಂಬರ್‌ಗೆ ಫೋನ್ ಮಾಡುತ್ತಾರೆ. ಕೋಣೆ ಬೆಚ್ಚಗಿರುತ್ತದೆ, ಕಾಲಿಗೆ ಗೊತ್ತಾಗಲ್ಲ. ಹಾಗಂತ ಜಾಸ್ತಿ ಮಾಡುತ್ತಾ ಹೋಗೋ ಹಾಗೂ ಇಲ್ಲ. ಯುರೋಪಿನ ಇಎನ್ 1264 ಸ್ಟ್ಯಾಂಡರ್ಡ್ ಪ್ರಕಾರ ಜನ ಓಡಾಡುವ ಜಾಗದಲ್ಲಿ ನೆಲ 29 ಡಿಗ್ರಿ ದಾಟಬಾರದು. ಬಚ್ಚಲಲ್ಲಿ 33ರವರೆಗೆ ಆಗಬಹುದು.

ಈಗ ಆಯ್ಕೆ. ಒಂದು, ನೀರಿನದು. ಟೆರಾಝೋ ಕೆಳಗಿನ ಸಿಮೆಂಟ್ ಹಾಸಿನೊಳಗೆ ಸಾಮಾನ್ಯವಾಗಿ 16 ಮಿ.ಮೀ. ಪ್ಲಾಸ್ಟಿಕ್ ಪೈಪು, 10ರಿಂದ 20 ಸೆಂ.ಮೀ.ಗೊಂದು ಸಾಲು, ಕೆಳಗೆ ಥರ್ಮಾಕೋಲ್ ಥರದ ಶೀಟು. ಇನ್ನೊಂದು, ಕರೆಂಟಿನದು. 3-4 ಮಿ.ಮೀ. ದಪ್ಪದ ವೈರ್ ಮ್ಯಾಟು, ಸಾಮಾನ್ಯವಾಗಿ ಚದರ ಮೀಟರಿಗೆ 150 ವ್ಯಾಟ್.

ಇಡೀ ಮನೆಗೆ ನೀರಿನದೇ ಸರಿ, ನನಗೆ ಅನುಮಾನವೇ ಇಲ್ಲ. ಟೆರಾಝೋ ಬಿಸಿಯನ್ನು ಚೆನ್ನಾಗಿ ಮೇಲಕ್ಕೆ ಬಿಡುತ್ತದೆ, ಹಾಗಾಗಿ 35 ಡಿಗ್ರಿ ಸುಮಾರಿನ ನೀರೇ ಸಾಕಾಗಬಹುದು. ಅಷ್ಟು ಕಡಿಮೆ ಬಿಸಿಗೆ ಹೀಟ್ ಪಂಪ್, ಅಂದರೆ ಹೊರಗಿನ ಶಾಖವನ್ನು ಮನೆಯೊಳಗೆ ಎಳೆದು ತರುವ ಮೆಷಿನ್, ಒಂದು ಯೂನಿಟ್ ಕರೆಂಟ್ ತಿಂದು ಮೂರು-ನಾಲ್ಕು ಯೂನಿಟ್ ಶಾಖ ಕೊಡುತ್ತದೆ. ವೈರ್ ಮ್ಯಾಟು ಒಂದಕ್ಕೆ ಒಂದೇ.

ಆದರೆ ನೀರಿನದು ಬಚ್ಚಲ ಹಂಡೆ ಇದ್ದ ಹಾಗೆ. ಬೆಳಿಗ್ಗೆ ಸ್ನಾನಕ್ಕೆ ನೀರು ಬೇಕಾದರೆ ನಸುಕಿನಲ್ಲೇ ಒಲೆ ಹಚ್ಚಬೇಕು. ಕಾದ ಮೇಲೆ ಬೆಂಕಿ ಆರಿದರೂ ಬೇಗ ತಣಿಯಲ್ಲ. 65 ಮಿ.ಮೀ. ಹಾಸು ಅಂದರೆ ಚದರ ಮೀಟರಿಗೆ 130-140 ಕಿಲೋ ಭಾರ. ಚದರ ಮೀಟರಿಗೆ 100 ವ್ಯಾಟ್ ಕೊಟ್ಟರೂ ಹತ್ತು ಡಿಗ್ರಿ ಏರೋಕೆ ಸುಮಾರು ನಾಲ್ಕು ತಾಸು. ಆನ್-ಆಫ್ ಮಾಡುತ್ತಾ ಕೂರಬೇಡಿ, ಸುಮ್ನೆ ಬಿಡಿ.

ವೈರ್ ಮ್ಯಾಟು ಎಲ್ಲಿಗೆ? ಬಚ್ಚಲಿಗೆ, ಅಥವಾ ನೆಲ ಎತ್ತರಿಸಿದರೆ ಬಾಗಿಲು ತೆರೆಯದ ಹಳೇ ಮನೆಗೆ. ಮೇಲೆ 6-10 ಮಿ.ಮೀ. ದಪ್ಪದ ಎಪಾಕ್ಸಿ ಟೆರಾಝೋ, ಅಂದರೆ ಸಿಮೆಂಟಿನ ಬದಲು ಗಟ್ಟಿಯಾಗುವ ಅಂಟಿನಲ್ಲಿ ಚೂರುಗಳನ್ನು ಕಲಸಿದ್ದು. ಹುಷಾರು, ಇಲ್ಲಿ ಪಾಲಿಶ್ ಮೆಷಿನ್ ಇದೆ! ಟೈಲ್ಸ್‌ಗೆ ಆ ಗೋಜಿಲ್ಲ. ವೈರು ಮೇಲುಮೇಲೆ ಉಳಿದರೆ ಮಾರ್ಬಲ್ ಚೂರುಗಳ ಜೊತೆ ಅದನ್ನೂ ಉಜ್ಜಿಬಿಡುತ್ತಾರೆ. ಟೆರಾಝೋಗೆ ಮುಂಚೆ ನೆಲ ಸಮ ಮಾಡೋಕೆ ಸುರಿಯುವ ಲೆವೆಲಿಂಗ್ ಪದರದಲ್ಲಿ ವೈರು ಪೂರ್ತಿ ಮುಳುಗಿದೆಯಾ ಅಂತ ನೀವೇ ನಿಂತು ನೋಡಿ.

[ಟೈಮರ್: ಒಂದು ನಿಮಿಷ ಬಾಕಿ]

ಅಯ್ಯೋ, ಕಾಲಿನ ಲೆಕ್ಕದಲ್ಲೇ ಟೈಮ್ ಹೋಯಿತು. ಉಳಿದದ್ದು ಬೇಗಬೇಗ. ಬಿರುಕು: 10 ಮೀಟರ್ ನೆಲದ ಬಿಸಿ 20 ಡಿಗ್ರಿಯಷ್ಟು ಏರಿದರೆ 2 ಮಿ.ಮೀ. ಹಿಗ್ಗುತ್ತದೆ. ಜಾಗ ಬಿಡದಿದ್ದರೆ ಕೂದಲೆಳೆ ಬಿರುಕು ಖಂಡಿತ. ಗೋಡೆ ಸುತ್ತ ಫೋಮ್ ಪಟ್ಟಿ ಇರಲಿ, ಹಾಸಿನ ಒಂದು ತುಂಡು 40 ಚದರ ಮೀಟರ್ ಮೀರದಿರಲಿ, ಉದ್ದ 8 ಮೀಟರ್ ಒಳಗಿರಲಿ. ಕೆಳಗಿನ ಹಾಸಿನಲ್ಲಿ ತುಂಡುಗಳ ನಡುವಿನ ಜಾಯಿಂಟ್ ಎಲ್ಲಿದೆಯೋ ಮೇಲೆ ಟೆರಾಝೋದ್ದೂ ಅಲ್ಲೇ ಬರಬೇಕು: ಎರಡು ಹಿತ್ತಾಳೆ ಪಟ್ಟಿ, ನಡುವೆ ಮೆತ್ತನೆ ರಬ್ಬರ್ ಥರದ ಫಿಲ್ಲರ್. ಡಿಸೈನ್ ಚೆನ್ನಾಗಿ ಕಾಣಲಿ ಅಂತ ಪಟ್ಟಿಯನ್ನು ಪಕ್ಕಕ್ಕೆ ಸರಿಸೋಕೆ ಬಿಡಬೇಡಿ.

ಸಿಮೆಂಟ್ ಹಾಸಿಗೆ ಕನಿಷ್ಠ 21 ದಿನ ಬಿಡಿ. ಆಮೇಲೆ 25 ಡಿಗ್ರಿ ನೀರು 3 ದಿನ, ಪೂರ್ತಿ ಬಿಸಿ 4 ದಿನ. ಅದು ಮುಗಿದು, ತಣ್ಣಗಾಗಿ, ಒಣಗಿದ ಮೇಲೆ ಟೆರಾಝೋ. ಕಂಟ್ರಾಕ್ಟರ್ ಅವಸರ ಮಾಡಿದರೆ ಈ ವಿಡಿಯೋ ತೋರಿಸಿ, ಕನ್ನಡ ಬರದಿದ್ದರೂ ಪರವಾಗಿಲ್ಲ.

ಸಿಮೆಂಟ್ ಹಾಕೋ ಮುಂಚೆ ಪೈಪುಗಳ ಪಕ್ಕ ಅಳತೆ ಟೇಪ್ ಇಟ್ಟು ಪ್ರತಿ ಕೋಣೆಯ ಫೋಟೋ ತೆಗೆಯಿರಿ. ಒಂದು ದಿನ ಯಾರಾದರೂ ಡೋರ್ ಸ್ಟಾಪರ್ ಹಾಕೋಕೆ ಡ್ರಿಲ್ ಹಿಡಿದು ಬಂದೇ ಬರುತ್ತಾರೆ.