120 ಪೇಪರ್ ಅಂದರೆ ಏನರ್ಥ? ಇಮ್ಯುನಾಲಜಿ ಸಂಶೋಧಕರ ದಾಖಲೆ ಓದುವ ಬಗೆ

[ದೃಶ್ಯ: ಮೊಬೈಲ್ ಪರದೆ, ಪಬ್‌ಮೆಡ್ ಹುಡುಕಾಟದ ಪೆಟ್ಟಿಗೆ]

ನಮಸ್ಕಾರ. ಕಾರವಾರದಲ್ಲೋ ಶಿರಸಿಯಲ್ಲೋ ಕೂತು ಇಮ್ಯುನಾಲಜಿ (ರೋಗನಿರೋಧಕ ವ್ಯವಸ್ಥೆಯ ಅಧ್ಯಯನ) ಪಿಎಚ್‌.ಡಿ.ಗೆ ಗೈಡ್ ಹುಡುಕುತ್ತಿದ್ದೀರಿ ಅಂತಿಟ್ಟುಕೊಳ್ಳಿ. ವೆಬ್‌ಸೈಟಿನಲ್ಲಿ ‘120 ಪ್ರಬಂಧ, ಎಚ್‌-ಇಂಡೆಕ್ಸ್ 30’ ಅಂತ ಹಾಕಿರುತ್ತಾರೆ. ಅಷ್ಟಕ್ಕೇ ಕೈ ಮುಗಿಯಬೇಡಿ. ಒಂದು ತಾಸು ಕೂತರೆ ಆ ಅಂಕಿಯೊಳಗೆ ಏನಿದೆ ಅಂತ ಗೊತ್ತಾಗುತ್ತದೆ.

ಮೊದಲ ತೊಡಕು ಹೆಸರು. ನಮ್ಮ ಜಿಲ್ಲೆಯವರದ್ದಾದರೆ ಇನ್ನೂ ಕಷ್ಟ. ಹೆಗಡೆಯನ್ನು ಇಂಗ್ಲಿಷಿನಲ್ಲಿ ‘ಜಿ’ ಮತ್ತು ‘ಡಿ’ ನಡುವೆ ‘ಎ’ ಹಾಕಿ ಬರೆಯುವವರಿದ್ದಾರೆ, ಹಾಕದವರೂ ಇದ್ದಾರೆ. ವೈದ್ಯಕೀಯ, ಜೀವವಿಜ್ಞಾನ ಪ್ರಬಂಧಗಳನ್ನು ಹುಡುಕುವ ತಾಣವಾದ ಪಬ್‌ಮೆಡ್ ಪಟ್ಟಿಯಲ್ಲಿ ಕಾಣುವುದು ಅಡ್ಡಹೆಸರು, ಇನಿಶಿಯಲ್ ಮಾತ್ರ. ‘ಹೆಗಡೆ ಜಿ’ ಅಂದರೆ ಗಣಪತಿಯೋ ಗಿರಿಜೆಯೋ? ಹಾಗಾಗಿ ಹೆಸರಿನ ನಂತರ ಚೌಕ ಆವರಣದಲ್ಲಿ ‘ಎಯು’ (au), ಸಂಸ್ಥೆಯ ನಂತರ ‘ಎಡಿ’ (ad) ಅಂತ ಟ್ಯಾಗ್ ಹಾಕಿ ಹುಡುಕಿ. ಪ್ರತಿ ಸಂಶೋಧಕರಿಗೂ ಬೇರೆಬೇರೆಯಾಗಿರುವ ಗುರುತಿನ ಸಂಖ್ಯೆ, ಆರ್ಕಿಡ್ (ORCID) ಐಡಿ ಇದ್ದರೆ ಇನ್ನೂ ಒಳ್ಳೆಯದು. ಅದು 16 ಅಂಕಿಯದ್ದು, ಕೊನೆಯ ಸ್ಥಾನದಲ್ಲಿ ಒಮ್ಮೊಮ್ಮೆ ‘ಎಕ್ಸ್’ ಇರುತ್ತದೆ. ಗೂಗಲ್ ಸ್ಕಾಲರ್ ಪ್ರೊಫೈಲಿನಲ್ಲಿ ಎಚ್ಚರ: ಹೊಸ ಲೇಖನಗಳು ತಾವಾಗಿಯೇ ಸೇರುವಂತೆ ಬಿಟ್ಟಿದ್ದರೆ ಅದೇ ಹೆಸರಿನ ಬೇರೆಯವರ ಪ್ರಬಂಧವೂ ಬಂದು ಕೂರುತ್ತದೆ. ಇಮ್ಯುನಾಲಜಿ ಪಟ್ಟಿಯ ಮಧ್ಯೆ ಕಾಂಕ್ರೀಟಿನ ಬಗ್ಗೆ ಪ್ರಬಂಧ ಕಂಡರೆ ಇದೇ ಕಾರಣ.

[ದೃಶ್ಯ: ಪರದೆಯ ಮೇಲೆ 48, 31, 12, 9, 6, 5, 3, 0]

ಈಗ ಎಚ್‌-ಇಂಡೆಕ್ಸ್. 2005ರಲ್ಲಿ ಇದನ್ನು ಸೂಚಿಸಿದವರು ಹೋರ್ಹೆ ಹಿರ್ಶ್, ಭೌತಶಾಸ್ತ್ರಜ್ಞ. ಒಬ್ಬರದ್ದು 8 ಪ್ರಬಂಧ ಇವೆ ಅನ್ನಿ. ಬುಟ್ಟಿಯಲ್ಲಿ ಬಂಗಡೆ ಜೋಡಿಸಿದ ಹಾಗೆ, ಹೆಚ್ಚು ಉಲ್ಲೇಖ (ಬೇರೆ ಪ್ರಬಂಧಗಳು ಹೆಸರಿಸಿದ್ದು) ಸಿಕ್ಕಿದ್ದನ್ನು ಮೇಲಿಟ್ಟು ಎಣಿಸುತ್ತ ಬನ್ನಿ. ಎಷ್ಟನೆಯ ಪ್ರಬಂಧದವರೆಗೆ ಉಲ್ಲೇಖದ ಸಂಖ್ಯೆ ಅದರ ಸ್ಥಾನಕ್ಕಿಂತ ಕಡಿಮೆ ಇಲ್ಲವೋ, ಆ ಸ್ಥಾನವೇ ಈ ಅಂಕಿ. ಐದನೆಯದಕ್ಕೆ 6 ಉಲ್ಲೇಖ, ಸರಿ. ಆರನೆಯದಕ್ಕೆ 5 ಮಾತ್ರ, ಸಾಲದು. ಎಚ್‌-ಇಂಡೆಕ್ಸ್ 5. ಮೊದಲನೆಯದರ 48 ನಾಳೆ 4,800 ಆದರೂ ಇದು 5ರಲ್ಲೇ ನಿಲ್ಲುತ್ತದೆ. ಆದರೆ ಆರನೆಯದಕ್ಕೆ ಅವರೇ ತಮ್ಮ ಮುಂದಿನ ಪ್ರಬಂಧದಲ್ಲಿ ಒಂದು ಉಲ್ಲೇಖ ಕೊಟ್ಟುಕೊಂಡರೆ ಸಾಕು, 6! ಅಳತೆಗೋಲಿನ ಬಲಹೀನತೆ ಇಲ್ಲೇ ಇದೆ. ಇನ್ನೊಂದು: ಥೀಸಿಸ್, ಪ್ರಿಪ್ರಿಂಟ್ (ಜರ್ನಲ್ಲಿನ ಪರಿಶೀಲನೆಗೆ ಮೊದಲೇ ಹಾಕಿದ ಪ್ರಬಂಧ) ಎಲ್ಲ ಎಣಿಸುವ ಗೂಗಲ್ ಸ್ಕಾಲರಿನಲ್ಲಿ ಸಂಖ್ಯೆ ಸಾಮಾನ್ಯವಾಗಿ ಇನ್ನೊಂದು ಉಲ್ಲೇಖ ಪಟ್ಟಿಯಾದ ಸ್ಕೋಪಸ್‌ಗಿಂತ ಜಾಸ್ತಿ ಬರುತ್ತದೆ. ಒಬ್ಬರದ್ದು ಅಲ್ಲಿಂದ, ಇನ್ನೊಬ್ಬರದ್ದು ಇಲ್ಲಿಂದ ತೆಗೆದು ಹೋಲಿಸಬೇಡಿ.

ಜರ್ನಲ್ಲಿನ ಇಂಪ್ಯಾಕ್ಟ್ ಫ್ಯಾಕ್ಟರ್ ಬರೀ ಸರಾಸರಿ: ಅದರ ಒಂದು ಪ್ರಬಂಧಕ್ಕೆ ಎಷ್ಟು ಉಲ್ಲೇಖ ಸಿಕ್ಕಿತು ಅಂತ. ಶಿರಸಿ ಮಾರುಕಟ್ಟೆಯಲ್ಲಿ ಚಾಲಿ, ರಾಶಿ, ಬೆಟ್ಟೆ ಅಡಿಕೆ ಎಲ್ಲ ಕೂಡಿಸಿ ಒಂದು ದರ ಹೇಳಿದರೆ ನಿಮ್ಮ ಚೀಲದ ಬೆಲೆ ತಿಳಿಯುತ್ತದೆಯೇ? ಮುಂದೆ ಹೋಗೋಣ.

ಲೇಖಕರ ಸಾಲು ನೋಡಿ. ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಪ್ರಯೋಗ ಮಾಡಿದವರದ್ದು, ಕೊನೆಯದ್ದು ಲ್ಯಾಬ್ ನಡೆಸುವವರದ್ದು. 2005ರಲ್ಲಿ ‘ಇಮ್ಯುನಿಟಿ’ ಜರ್ನಲ್ಲಿನಲ್ಲಿ ಬಂದ ಒಂದು ಪ್ರಬಂಧದಲ್ಲಿ ನಾಲ್ಕು ಹೆಸರು: ಮೊದಲನೆಯದು ಕಾಟಲಿನ್ ಕರಿಕೊ, ಕೊನೆಯದು ಡ್ರೂ ವೈಸ್‌ಮನ್. ಆರ್‌ಎನ್‌ಎಯ ನ್ಯೂಕ್ಲಿಯೊಸೈಡ್ ಎಂಬ ಘಟಕ ಬದಲಿಸಿದರೆ ದೇಹದ ರಕ್ಷಣಾ ವ್ಯವಸ್ಥೆ ಅದರ ಮೇಲೆ ಅಷ್ಟಾಗಿ ಎರಗುವುದಿಲ್ಲ ಅಂತ ತೋರಿಸಿದ್ದು ಅದು. ಆಗ ಹೆಚ್ಚು ಜನ ಗಮನಿಸಲಿಲ್ಲ. ಕೋವಿಡ್ ಲಸಿಕೆ ಬಂದ ಮೇಲೆ, 2023ರಲ್ಲಿ ಇಬ್ಬರಿಗೂ ನೊಬೆಲ್. ಇನ್ನು ಇಮ್ಯುನಾಲಜಿಸ್ಟ್ ಪಾಲಿ ಮಾಟ್ಜಿಂಗರ್ 1978ರ ಒಂದು ಪ್ರಬಂಧದಲ್ಲಿ ತಮ್ಮ ನಾಯಿಯನ್ನೇ ಸಹಲೇಖಕಿ ಮಾಡಿದ್ದರು. ಹೆಸರಿದ್ದ ಮಾತ್ರಕ್ಕೆ ಕೆಲಸ ಮಾಡಿದ್ದಾರೆ ಅಂತಲ್ಲ!

ಪಬ್‌ಮೆಡ್ ಫಿಲ್ಟರಿನಲ್ಲಿ ‘ರಿವ್ಯೂ’ (ಹಳೆಯ ಪ್ರಬಂಧಗಳ ಅವಲೋಕನ) ಒತ್ತಿ ಎಷ್ಟು ಬರುತ್ತವೆ ನೋಡಿ. ರಿವ್ಯೂಗೆ ಉಲ್ಲೇಖ ಬೇಗ ಸಿಗುತ್ತದೆ, ಹೊಸ ಪ್ರಯೋಗ ಅದರಲ್ಲಿರುವುದಿಲ್ಲ. ವಿಧಾನ ಹೇಳುವ ಪ್ರಬಂಧವೂ ಹಾಗೇ: ಪ್ರೋಟೀನ್ ಅಳೆಯುವ ಲೌರಿ ವಿಧಾನದ 1951ರ ಪ್ರಬಂಧಕ್ಕೆ 3 ಲಕ್ಷಕ್ಕೂ ಹೆಚ್ಚು ಉಲ್ಲೇಖ.

[ದೃಶ್ಯ: ಕಾಡಂಚಿನ ದಾರಿ, ಸಿದ್ದಾಪುರ]

ನನ್ನ ಲೆಕ್ಕದಲ್ಲಿ ನಿಜವಾದ ಪ್ರಭಾವ ತಿಳಿಯುವುದು ‘ಸೈಟೆಡ್ ಬೈ’ ಒತ್ತಿ, ಇವರನ್ನು ಉಲ್ಲೇಖಿಸಿದ ಹತ್ತು ಪ್ರಬಂಧ ತೆರೆದಾಗ. ಪೀಠಿಕೆಯಲ್ಲಿ ಆರು ಹೆಸರಿನ ಜೊತೆ ಏಳನೆಯದಾಗಿ ಬಂದಿದೆಯೋ, ಇವರ ಫಲಿತಾಂಶದ ಮೇಲೆ ಮುಂದಿನ ಪ್ರಯೋಗ ಕಟ್ಟಿದ್ದಾರೋ? ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣುಗಿನಿಂದ ಹರಡುವ ಕಾಯಿಲೆ. ಅದರ ಮೇಲೆ ಕೆಲಸ ಮಾಡುವವರೇ ಕಡಿಮೆ, ಹಾಗಾಗಿ ಉಲ್ಲೇಖಿಸುವವರೂ ಕಡಿಮೆ. ಆದರೆ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಆಗಿನ ಲಸಿಕೆಯ ಪರಿಣಾಮವನ್ನು ಎಣಿಸಿ ಹೇಳಿತು: ಎರಡು ಡೋಸಿಗೆ 62.4%, ಬೂಸ್ಟರ್ ಸೇರಿದರೆ 82.9%. ಲಸಿಕೆ ಸಾಕೋ, ಹೊಸದು ಬೇಕೋ ಎಂಬ ಚರ್ಚೆಗೆ ಬೇಕಾದದ್ದು ಇಂಥ ಅಂಕಿ. ಕ್ಯಾನ್ಸರ್ ಇಮ್ಯುನಾಲಜಿಯವರ ಎಚ್‌-ಇಂಡೆಕ್ಸ್ ಪಕ್ಕ ಇದನ್ನು ಇಟ್ಟರೆ ತೂಕ ತಪ್ಪುತ್ತದೆ.

ಪ್ರಕಟವಾದ ಮೇಲೆ ಪ್ರಬಂಧ ಹಿಂಪಡೆಯಲಾಗಿದೆಯೇ (ರಿಟ್ರ್ಯಾಕ್ಟ್) ಅಂತಲೂ ನೋಡಿ; ಪಬ್‌ಮೆಡ್ ಪುಟದ ಮೇಲ್ಭಾಗದಲ್ಲೇ ಸೂಚನೆ ಇರುತ್ತದೆ. ಕೊನೆಗೆ, ಕಳೆದ 5 ವರ್ಷದಲ್ಲಿ ಆ ಗೈಡ್ ಕೊನೆಯ ಲೇಖಕರಾಗಿರುವ ಪ್ರಬಂಧಗಳನ್ನಷ್ಟೇ ಬೇರೆ ಮಾಡಿ. ಮೊದಲ ಹೆಸರು ವಿದ್ಯಾರ್ಥಿಗಳದ್ದಾಗಿದ್ದರೆ, ಅವರಿಗೇ ಒಂದು ಮೇಲ್ ಹಾಕಿ: ಪಿಎಚ್‌.ಡಿ. ಶುರುವಾಗಿ ಈ ಪ್ರಬಂಧ ಬರಲು ಎಷ್ಟು ವರ್ಷ ಹಿಡಿಯಿತು ಅಂತ.