ಮೋಟಾರ್ ಬಿಚ್ಚುವ ಮೊದಲು ಮೀಟರ್ ಹಿಡಿಯಿರಿ

ಕೇಳುಗರಿಗೆಲ್ಲ ನಮಸ್ಕಾರ. ಮಲ್ಪೆ, ಮುರುಡೇಶ್ವರ, ಹೊನ್ನಾವರ, ಕಾರವಾರದ ಕಡೆ ಪ್ರವಾಸಿಗರನ್ನು ಕೂರಿಸಿಕೊಂಡು ಸ್ಪೀಡ್ ಬೋಟ್ ಓಡಿಸುವ ಅಣ್ಣಂದಿರು, ಅವರ ಇಂಜಿನ್ ರಿಪೇರಿ ಮಾಡುವ ಹುಡುಗರು, ಈ ಮಾತು ನಿಮಗಾಗಿ. ಮಳೆಗಾಲವಿಡೀ ದಡದಲ್ಲಿದ್ದ ದೋಣಿಯನ್ನು ನೀರಿಗಿಳಿಸಿ ಇಂಜಿನ್ ಏರಿಸಿ ಇಳಿಸುವ ಟಿಲ್ಟ್ ಸ್ವಿಚ್ ಒತ್ತುತ್ತೀರಿ, ದೋಣಿಯ ಹಿಂದೆ ತೂಗುವ ಔಟ್‌ಬೋರ್ಡ್ ಇಂಜಿನ್ ಮೇಲೇಳುವುದಿಲ್ಲ. ನಾಡದೋಣಿಯ ಸಣ್ಣ ಇಂಜಿನ್ ಆದರೆ ಕೈಯಲ್ಲೇ ಎತ್ತಬಹುದು. 115 ಎಚ್‌ಪಿ ಇಂಜಿನ್ 150 ಕಿಲೋಗೂ ಹೆಚ್ಚು ತೂಗುತ್ತದೆ. ಇಳಿತದ ಹೊತ್ತಿನಲ್ಲಿ, ಅಳಿವೆಯ ಮರಳ ದಿಬ್ಬದ ಮೇಲೆ ಅದು ಏಳದಿದ್ದರೆ ಪ್ರೊಪೆಲ್ಲರ್ ಉಳಿಯುವುದಿಲ್ಲ.

ಆಗ ಎಲ್ಲರೂ ಹೇಳುವುದು ಒಂದೇ: "ಟಿಲ್ಟ್ ಮೋಟಾರ್ ಹೋಯ್ತು, ಹೊಸದು ತರಿಸು." ಟಿಲ್ಟ್ ಮೋಟಾರ್ ಎಂದರೆ ಇಂಜಿನ್ನನ್ನು ಮೇಲೆತ್ತುವ ಸಣ್ಣ ಕರೆಂಟು ಮೋಟಾರ್. ದಯವಿಟ್ಟು ತರಿಸಬೇಡಿ. ಮೋಟಾರ್ ಬಿಚ್ಚುವ ಮೊದಲು ಮೀಟರ್, ಅಂದರೆ ವೋಲ್ಟ್ ಅಳೆಯುವ ಮಲ್ಟಿಮೀಟರ್, ಹಿಡಿಯಿರಿ. ಇವತ್ತು ನಾನು ಹೇಳಬೇಕೆಂದಿರುವುದೇ ಇದು.

ಇಂಜಿನ್ ಏಳುವ ಬಗೆ ಸರಳ. ಬ್ಯಾಟರಿಯಿಂದ ಬಂದ ಕರೆಂಟು ರಿಲೇ ಎಂಬ, ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಹರಿಸುವ ಸ್ವಿಚ್ಚನ್ನು ದಾಟಿ ಮೋಟಾರಿಗೆ ಹೋಗುತ್ತದೆ. ಮೋಟಾರ್ ಪಂಪನ್ನು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು ಸಿಲಿಂಡರಿಗೆ ತಳ್ಳುತ್ತದೆ, ಸಿಲಿಂಡರಿನ ದಂಡ ಇಂಜಿನ್ನನ್ನು ಎತ್ತುತ್ತದೆ. ತೊಂದರೆ ಕರೆಂಟಿನಲ್ಲಿರಬೇಕು, ಮೋಟಾರಿನಲ್ಲಿರಬೇಕು, ಇಲ್ಲ ಎಣ್ಣೆಯಲ್ಲಿರಬೇಕು. ಎಲ್ಲಿ ಎಂದು ನಿಮ್ಮ ಕಿವಿಯೇ ಅರ್ಧ ಹೇಳಿಬಿಡುತ್ತದೆ. ಸ್ವಿಚ್ ಒತ್ತಿದಾಗ ಏನೂ ಸದ್ದಿಲ್ಲವೇ? ಫ್ಯೂಸು, ಸ್ವಿಚ್ಚು, ಅದರ ಸಣ್ಣ ವೈರು ನೋಡಿ. ವೇಗ, ಗೇರಿನ ಲಿವರ್ ಮೇಲಿನ ಸ್ವಿಚ್ಚಿಗೆ ಅಲ್ಲಾಡದೆ, ಇಂಜಿನ್ ಕವಚದ ಪಕ್ಕದ ಸ್ವಿಚ್ಚಿಗೆ ಎದ್ದರೆ ಲಿವರಿನ ಸ್ವಿಚ್ಚೋ ಅದರ ವೈರೋ ಕೆಟ್ಟಿದೆ. ಟಿಕ್ ಎಂದು ಸುಮ್ಮನಾಯಿತೇ? ರಿಲೇ ಎಳೆಯುತ್ತಿದೆ, ದಪ್ಪ ವೈರು ಅಥವಾ ಮೋಟಾರಿನ ಕಡೆ ಹೋಗಿ. ಗುರ್ರ್ ಎಂದು ತಿರುಗಿಯೂ ಏಳುತ್ತಿಲ್ಲವೇ? ಆಗ ಮೋಟಾರಿಗೆ ಕೈ ಹಚ್ಚಲೇಬೇಡಿ, ಎಣ್ಣೆಯ ಕಡೆ ನೋಡಿ.

ಹಿನ್ನೀರಿನಲ್ಲಿ ಓಡುವ ಒಂದು ದೋಣಿಯ ವಿಷಯ ಹೇಳುತ್ತೇನೆ, ಇದರಲ್ಲಿ ಎಲ್ಲ ಪಾಠವೂ ಇದೆ. ಮಳೆ ಮುಗಿದ ಮೇಲೆ ಅದರ ಇಂಜಿನ್ ಟಿಕ್ ಅನ್ನುತ್ತಿತ್ತು, ಒಮ್ಮೆ ನರಳಿ ನಿಲ್ಲುತ್ತಿತ್ತು. ಹೊಸ ಮೋಟಾರ್ ಹಾಕಿಸಿದರು. ಎದ್ದಿತು. ಎಲ್ಲರಿಗೂ ಖುಷಿ. ಮೂರು ವಾರ ಕಳೆದು ಮತ್ತೆ ಟಿಕ್. ಮೋಟಾರ್ ನಕಲಿ ಇರಬೇಕೆಂದು ಇನ್ನೊಂದು ತರಿಸಿದರು! ಅದೂ ಕೆಲವು ದಿನ ನಡೆದು ನಿಂತಿತು. ಬ್ಯಾಟರಿ ಮೇಲೆ ಮೀಟರ್ ಇಟ್ಟರೆ 12.6 ವೋಲ್ಟ್. ಇಂಜಿನ್ ಸ್ಟಾರ್ಟ್ ಕೂಡ ಆಗುತ್ತಿತ್ತು, ಹಾಗಾಗಿ ಕರೆಂಟಿನ ಮೇಲೆ ಯಾರಿಗೂ ಅನುಮಾನವೇ ಬರಲಿಲ್ಲ. ಮೋಟಾರಿನ ವೈರಿನಲ್ಲೂ ಅಳೆದಿದ್ದರು, ಆದರೆ ಮೋಟಾರನ್ನು ಕಳಚಿ, ಖಾಲಿ ವೈರಿನಲ್ಲಿ. ಅಲ್ಲೂ 12 ವೋಲ್ಟ್ ತೋರಿಸಿತು. ಎಡವಿದ್ದು ಇಲ್ಲೇ. ಕಸ ಕಟ್ಟಿದ ಪೈಪಿನ ನಲ್ಲಿ ಮುಚ್ಚಿದ್ದರೆ ಒಳಗೆ ಒತ್ತಡ ಪೂರ್ತಿ ಇರುತ್ತದೆ, ನಲ್ಲಿ ತಿರುಗಿಸಿದಾಗಲೇ ನೀರು ತೊಟ್ಟಿಕ್ಕುವುದು ಗೊತ್ತಾಗುತ್ತದೆ. ಕರೆಂಟೂ ಹಾಗೆಯೇ. ಕೊನೆಗೆ ಮೋಟಾರ್ ಜೋಡಿಸಿ, ಸ್ವಿಚ್ ಒತ್ತಿ ಹಿಡಿದು ಅಳೆದಾಗ ಸಿಕ್ಕಿದ್ದು ಬರೀ 7 ವೋಲ್ಟ್. ರಿಲೇಯಿಂದ ಇಂಜಿನ್ ಬ್ಲಾಕಿಗೆ ಬರುವ ಕಪ್ಪು ಅರ್ಥ್ ವೈರಿನ ತುದಿಯ ರಿಂಗಿನೊಳಗೆ ತಾಮ್ರವೆಲ್ಲ ಕಿಲುಬು ಹಿಡಿದು ಹಸಿರು ಪುಡಿಯಾಗಿತ್ತು. ಸ್ಟಾರ್ಟರ್ ಕರೆಂಟಿನ ದಾರಿ ಬೇರೆ, ಅದಕ್ಕೇ ಇಂಜಿನ್ ಸ್ಟಾರ್ಟ್ ಆಗುತ್ತಿತ್ತು. ಹೊಸ ಮೋಟಾರ್ ಕೂರಿಸುವಾಗಲೆಲ್ಲ ಆ ವೈರು ಅಲುಗಾಡಿ ಉಳಿದ ನಾಲ್ಕು ಎಳೆ ಮತ್ತೆ ತಾಗುತ್ತಿದ್ದವು, ಅದಕ್ಕೇ ಕೆಲವು ದಿನ ನಡೆಯುತ್ತಿತ್ತು. ಒಂದು ಗೇಣು ವೈರು, ಒಂದು ರಿಂಗು ಬದಲಿಸಿದ ಮೇಲೆ ಮೊದಲ ಹಳೆಯ ಮೋಟಾರೇ ಇಂಜಿನ್ನನ್ನು ಎತ್ತಿತು.

ಹಾಗಾಗಿ ಮೀಟರ್ ಹಿಡಿಯಿರಿ, ಸ್ವಿಚ್ ಒತ್ತಿ ಹಿಡಿದೇ ಅಳೆಯಿರಿ. ಎರಡು ವೈರಿನ ಮೋಟಾರಿಗೆ ಸಾಮಾನ್ಯವಾಗಿ ನೀಲಿ, ಹಸಿರು ವೈರು ಇರುತ್ತವೆ. ಏರಿಸುವಾಗ ನೀಲಿಗೆ ಪ್ಲಸ್, ಇಳಿಸುವಾಗ ಹಸಿರಿಗೆ ಪ್ಲಸ್. ಒತ್ತಿ ಹಿಡಿದಾಗ ಆ ಎರಡರ ನಡುವೆ 11 ವೋಲ್ಟಿಗಿಂತ ಹೆಚ್ಚು ಬಂದೂ ಮೋಟಾರ್ ತಿರುಗದಿದ್ದರೆ ಮಾತ್ರ ಮೋಟಾರ್ ಮೇಲೆ ಅನುಮಾನ ಪಡಿ. ಕಡಿಮೆ ಬಂದರೆ ಬ್ಯಾಟರಿ ಮೈನಸ್ಸಿಗೂ ರಿಲೇಯ ಕಪ್ಪು ವೈರಿಗೂ ನಡುವೆ ಅಳೆಯಿರಿ, ಆಮೇಲೆ ಬ್ಯಾಟರಿ ಪ್ಲಸ್ಸಿಗೂ ರಿಲೇಗೆ ಬರುವ ಕೆಂಪು ವೈರಿಗೂ ನಡುವೆ. ಆಗಲೂ ಸ್ವಿಚ್ ಒತ್ತಿಯೇ ಇರಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದ ಕಡೆಯೇ ಕಿಲುಬಿದೆ. ಇಂಜಿನ್ ಇಳಿಯುತ್ತದೆ, ಆದರೆ ಏರುವುದಿಲ್ಲ ಎಂದಾದರೆ ಏರಿಸಲು ಒಂದು, ಇಳಿಸಲು ಒಂದು ಇರುವ ಎರಡು ರಿಲೇಗಳನ್ನು ಅದಲುಬದಲು ಮಾಡಿ. ಈಗ ಏರಿ, ಇಳಿಯದೆ ಹೋದರೆ ರಿಲೇಯೇ ಕೆಟ್ಟಿದೆ. ಇದಕ್ಕೆ ಮೀಟರೂ ಬೇಡ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಮೋಟಾರೇ ಕೆಟ್ಟಿದೆ ಎಂದು ಖಚಿತವಾಯಿತೋ, ಬಿಚ್ಚುವ ಮೊದಲು ಇಂಜಿನ್ ಪೂರ್ತಿ ಮೇಲಿರಬೇಕು. ಟಿಲ್ಟ್ ಲಾಕ್ ಹಾಕಿ, ಜೊತೆಗೆ ಹಗ್ಗ ಬಿಗಿಯಿರಿ. ಬರೀ ಲಾಕ್ ನಂಬಿ ಕೈ ತೂರಿಸಬೇಡಿ, ಬೆರಳು ಹೋಗುತ್ತದೆ. ಇಂಜಿನ್ ಕೆಳಗೇ ಸಿಕ್ಕಿಕೊಂಡಿದ್ದರೆ ಬ್ರಾಕೆಟ್ ಪಕ್ಕದ ರಿಲೀಸ್ ಸ್ಕ್ರೂ ಸಡಿಲಿಸಿ, ಮೂವರು ಸೇರಿ ಎತ್ತಿ, ಲಾಕ್ ಹಾಕಿ. ಬ್ಯಾಟರಿ ವೈರು ಕಳಚಿ. ಸುತ್ತಲಿನ ಉಪ್ಪು, ಮರಳು ಚೆನ್ನಾಗಿ ತೊಳೆಯಿರಿ. ಒಂದು ಕಣ ಪಂಪಿಗೆ ಬಿದ್ದರೂ ಅದರ ವಾಲ್ವ್ ಕೆಡುತ್ತದೆ.

ಮೋಟಾರಿನ ಒಳಗೆ ಸಾಮಾನ್ಯವಾಗಿ ಕಾಣುವುದು ಕೆಂಪು ತುಕ್ಕಿನ ನೀರು, ಹೋಲ್ಡರಿನಲ್ಲಿ ಅಂಟಿಕೊಂಡ ಕಾರ್ಬನ್ ಬ್ರಶ್ಶು. ನೀರು ಇಳಿಯುವುದು ವೈರು ಒಳಹೋಗುವ ರಬ್ಬರಿನಿಂದ, ಇಲ್ಲವೇ ಮುಚ್ಚಳದ ಓ-ರಿಂಗಿನಿಂದ. ಬ್ರಶ್ ಸವೆದಿದ್ದರೆ ಸ್ಪ್ರಿಂಗ್ ಸಮೇತ ಬದಲಿಸಿ. ಕಮ್ಯುಟೇಟರನ್ನು, ಅಂದರೆ ಬ್ರಶ್ ತಾಗುವ ತಾಮ್ರದ ಪಟ್ಟಿಗಳ ಉರುಳೆಯನ್ನು, 400 ನಂಬರಿನ ಸ್ಯಾಂಡ್ ಪೇಪರಿನಿಂದ ಉಜ್ಜಿ, ಎಮೆರಿ ಬೇಡ, ಅದರ ಪುಡಿ ಶಾರ್ಟ್ ಮಾಡುತ್ತದೆ. ಆಮೇಲೆ ಮೀಟರ್ ಇಡಿ: ಕಮ್ಯುಟೇಟರಿನ ಪಟ್ಟಿಗೂ ಶಾಫ್ಟಿಗೂ ನಡುವೆ ಬೀಪ್ ಬಂದರೆ ಆರ್ಮೇಚರ್, ಅಂದರೆ ಮೋಟಾರಿನೊಳಗೆ ತಿರುಗುವ ಸುರುಳಿಯ ಭಾಗ, ಸುಟ್ಟಿದೆ. ಹೊಸ ಮೋಟಾರಿಗೆ ದುಡ್ಡು ಕೊಡಬೇಕಾದ್ದು ಆಗ. ಜೋಡಿಸುವಾಗ ಓ-ರಿಂಗ್ ಹೊಸದೇ ಇರಲಿ.

ಎಣ್ಣೆಗೆ ಒಂದೇ ಮಾತು. ಇಂಜಿನ್ ಮೇಲಿದ್ದಾಗ ಮಾತ್ರ ಎಣ್ಣೆಯ ಬಿರಡೆ ತೆಗೆಯಿರಿ, ಕೆಳಗಿದ್ದಾಗ ತೆಗೆದರೆ ಎಣ್ಣೆ ಮುಖಕ್ಕೆ ಚಿಮ್ಮುತ್ತದೆ. ತೂತಿನ ಕೆಳ ಅಂಚಿನವರೆಗೆ ತುಂಬಿಸಿ. ಇಂಜಿನ್ ಪುಸ್ತಕದಲ್ಲಿ ಬರೆದ ಎಣ್ಣೆಯನ್ನೇ ಹಾಕಿ, ಬ್ರೇಕ್ ಆಯಿಲ್ ಮಾತ್ರ ಎಂದಿಗೂ ಬೇಡ, ಸೀಲು ಉಬ್ಬುತ್ತದೆ. ಬಿರಡೆ ಹಾಕಿ, ಬ್ಯಾಟರಿ ವೈರು ಜೋಡಿಸಿ, ಲಾಕ್ ತೆಗೆದು, ಹಗ್ಗ ಬಿಚ್ಚಿ, ನಾಲ್ಕೈದು ಸಲ ಏರಿಸಿ ಇಳಿಸಿ ಗಾಳಿ ಕಳೆದು, ಮತ್ತೆ ಮೇಲೆತ್ತಿ ಮಟ್ಟ ನೋಡಿ. ರಿಲೀಸ್ ಸ್ಕ್ರೂ ಬಿಗಿ ಮಾಡಲು ಮರೆತಿದ್ದರೆ ಮೋಟಾರ್ ಎಷ್ಟು ತಿರುಗಿದರೂ ಇಂಜಿನ್ ಏಳುವುದಿಲ್ಲ. ಆಗಲೂ ಯಾರಾದರೂ "ಮೋಟಾರ್ ಹೋಯ್ತು" ಅನ್ನುತ್ತಾರೆ, ಸ್ಕ್ರೂ ಬಿಗಿಯಾಗಿದೆಯೇ ನೋಡಿ ಆಮೇಲೆ ಉತ್ತರ ಕೊಡಿ. ನಮಸ್ಕಾರ.