ಹೆಲ್ಮೆಟ್ ಮಗುಚಿ ನೋಡಿ

ಕೇಳುಗರೇ, ನಮಸ್ಕಾರ.

ಯಾರಾದರೂ ನಿಮ್ಮ ಕೈಗೆ ಹಳೆಯ ಕಾಲದ ಯುದ್ಧದ ಹೆಲ್ಮೆಟ್ ಒಂದನ್ನು ಕೊಟ್ಟರೆ ಮೊದಲು ಏನು ಮಾಡುತ್ತೀರಿ? ಎದುರಿನಿಂದ ನೋಡುತ್ತೀರಿ, ಅಲ್ವಾ? ಕಣ್ಣಿಗೆ ಬಿಟ್ಟ ಸೀಳು, ಹಕ್ಕಿಯ ಕೊಕ್ಕಿನ ಹಾಗೆ ಮುಂದಕ್ಕೆ ಚಾಚಿದ ಮುಖದ ತಗಡು, ಮೇಲಿನ ಹೊಳಪು. ಬಹಳ ವರ್ಷ ನಾನೂ ಹಾಗೇ ನೋಡುತ್ತಿದ್ದೆ. ಈಗ ಹೆಲ್ಮೆಟ್ ಕೈಗೆ ಬಂದ ಕೂಡಲೇ ಮಗುಚಿ ಒಳಗೆ ಇಣುಕುತ್ತೇನೆ. ಅದು ಎಂಥದ್ದು, ಯಾರು ಮಾಡಿದ್ದು, ಏಟು ತಡೆಯುತ್ತದಾ ಅನ್ನುವುದೆಲ್ಲ ಒಳಗೆ ಬರೆದಿರುತ್ತದೆ. ಇವತ್ತು ನಿಮ್ಮ ಜೊತೆ ಮಾತಾಡಬೇಕು ಅಂದುಕೊಂಡಿರುವುದು ಆ ಒಳಮೈ ಬಗ್ಗೆಯೇ.

ಮೊದಲು ಈ ಹವ್ಯಾಸದ ಬಗ್ಗೆ ನಾಲ್ಕು ಮಾತು. ಯುರೋಪಿನ ಮಧ್ಯಯುಗದ ಕಾಳಗವನ್ನು ಅದೇ ಕಾಲದ ಮಾದರಿಯ ಕವಚ ತೊಟ್ಟು ಆಡುವವರು ಇಂದು ಹಲವು ದೇಶಗಳಲ್ಲಿದ್ದಾರೆ. 1966ರ ಮೇ ತಿಂಗಳಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ, ಒಂದು ಮನೆಯ ಹಿತ್ತಲಲ್ಲಿ, ಕೆಲವು ಗೆಳೆಯರು ಸೇರಿ ಇಂಥ ಪಂದ್ಯವೊಂದನ್ನು ಆಡಿದರು. ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ ಎಂಬ ಸಂಘ ಹುಟ್ಟಿದ್ದು ಅಲ್ಲಿಂದ. ಅವರ ಕತ್ತಿ ಬೆತ್ತದ್ದು. ಆದರೆ ಏಟು ನಿಜವಾದದ್ದು. ಇನ್ನೊಂದು ಬಗೆಯವರು ಮೊಂಡು ಮಾಡಿದ ಉಕ್ಕಿನ ಆಯುಧ ಹಿಡಿದು, ತಂಡ ಕಟ್ಟಿಕೊಂಡು ಆಡುತ್ತಾರೆ. ಅವರ ‘ಬ್ಯಾಟಲ್ ಆಫ್ ದ ನೇಷನ್ಸ್’ ಪಂದ್ಯಾವಳಿ 2010ರಲ್ಲಿ ಉಕ್ರೇನಿನ ಖೋಟಿನ್ ಕೋಟೆಯಲ್ಲಿ ಶುರುವಾಯಿತು. ಇಲ್ಲಿ ತಿವಿಯುವಂತಿಲ್ಲ. ಹೊಡೆಯಬಹುದು, ತಳ್ಳಬಹುದು, ಕೆಡವಬಹುದು. ನೆಲಕ್ಕೆ ಬಿದ್ದವರು ಆ ಸುತ್ತಿನ ಮಟ್ಟಿಗೆ ಹೊರಗೆ.

ನಾನು ಕೊಂಡ ಮೊದಲ ಹೆಲ್ಮೆಟ್ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕಾಳಗಕ್ಕೂ ಆಗುತ್ತದೆ ಅಂತ ಮಾರಿದವರು ಹೇಳಿದ್ದರು. ತಲೆಗೆ ಹಾಕಿ ನೋಡಿದೆ, ಸರಿಯಾಗಿ ಕೂತಿತು. ತಪ್ಪಾಗಿದ್ದು ಅಲ್ಲೇ. ಬರಿ ಉಕ್ಕೇ ತಲೆಗೆ ಸರಿಯಾಗಿ ಕೂತರೆ ಒಳಗೆ ಮೆತ್ತೆ ಇಡಲು ಜಾಗವೇ ಉಳಿಯುವುದಿಲ್ಲ. ಅಡ್ಡಡ್ಡ ಎರಡು ಚರ್ಮದ ಪಟ್ಟಿ ಹಾಕಿದ್ದರು, ಅಷ್ಟೇ. ಅಭ್ಯಾಸದ ದಿನ ಬೆತ್ತದ ಕತ್ತಿ ಎಡಗಿವಿಯ ಮೇಲೆ ಬಿತ್ತು. ಅಂಥ ದೊಡ್ಡ ಏಟೇನಲ್ಲ. ಆದರೂ ಕಣ್ಣಿಗೆ ಕತ್ತಲೆ ಕವಿಯಿತು. ಎರಡು ದಿನ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಮನೆಗೆ ಬಂದು ತಗಡಿನ ದಪ್ಪ ಅಳೆದರೆ ಬರಿ 1 ಮಿಲಿಮೀಟರ್. ಏಟು ಬಿದ್ದ ಕಡೆ ಹೆಬ್ಬೆರಳು ಕೂರುವಷ್ಟು ತಗ್ಗು. ಮೇಲೆ ಥಳಕು, ಒಳಗೆ ಹುಳುಕು ಅನ್ನುತ್ತಾರಲ್ಲ, ಹಾಗೆ. ಅದನ್ನು ಈಗಲೂ ಇಟ್ಟುಕೊಂಡಿದ್ದೇನೆ. ಹೊಸಬರು ಬಂದರೆ ಆ ತಗ್ಗಿನಲ್ಲಿ ಬೆರಳಿಟ್ಟು ನೋಡಿ ಅಂತ ಕೊಡುತ್ತೇನೆ.

ಬೆತ್ತದ ಕಾಳಗದ ಆ ಸಂಘದ ನಿಯಮ ನೋಡಿದರೆ ಹೆಲ್ಮೆಟ್ ವಿಷಯವನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕು ಅನ್ನುವುದು ತಿಳಿಯುತ್ತದೆ. ಉಕ್ಕು ಸುಮಾರು 1.6 ಮಿಲಿಮೀಟರ್‌ಗಿಂತ ತೆಳು ಇರಬಾರದು. ಮುಖದ ಸರಳುಗಳ ನಡುವೆ 1 ಅಂಗುಲ ದಪ್ಪದ ಕೋಲು ತೂರಬಾರದು. ತಲೆ ತಾಗುವ ಕಡೆಯೆಲ್ಲ ಅರ್ಧ ಅಂಗುಲ ಮೆತ್ತೆ ಇರಲೇಬೇಕು. ಉಕ್ಕಿನ ಆಯುಧದ ಕಾಳಗಕ್ಕೆ ಇನ್ನೂ ದಪ್ಪ ತಗಡು ಬೇಕಾಗುತ್ತದೆ.

ಉಕ್ಕಿನ ಕೆಲಸ ಏಟನ್ನು ಹರಡುವುದು. ಒಂದು ಗೆರೆಯ ಮೇಲೆ ಬಿದ್ದದ್ದನ್ನು ಅದು ಇಡೀ ಬುರುಡೆಯ ಸುತ್ತ ಹಂಚುತ್ತದೆ. ಮೆತ್ತೆಯ ಕೆಲಸ ಅದನ್ನು ನಿಧಾನ ಮಾಡುವುದು. ಮೆತ್ತೆ ಅಮುಕುತ್ತಾ ಹೋದಷ್ಟೂ ತಲೆಗೆ ಬರುವ ಧಕ್ಕೆ ಇಳಿಯುತ್ತದೆ. ಮಧ್ಯಯುಗದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಲಿನಿನ್ ಬಟ್ಟೆಯ ಎರಡು ಪದರದ ನಡುವೆ ನಾರು, ಉಣ್ಣೆ ಅಥವಾ ಕುದುರೆಯ ಕೂದಲು ತುಂಬಿ, ಸಾಲು ಸಾಲಾಗಿ ಹೊಲಿದು ಟೊಪ್ಪಿಗೆಯ ಹಾಗೆ ಮಾಡುತ್ತಿದ್ದರು. ಹೆಲ್ಮೆಟ್ಟಿನ ಹಣೆಯ ಸುತ್ತ ಹೊರಗೆ ಸಾಲಾಗಿ ರಿವೆಟ್, ಅಂದರೆ ತುದಿ ಬಡಿದು ಕೂರಿಸಿದ ಗಿಡ್ಡ ಮೊಳೆ, ಕಾಣುತ್ತವಲ್ಲ, ಬಹಳ ಜನ ಅದನ್ನು ಅಲಂಕಾರ ಅಂದುಕೊಳ್ಳುತ್ತಾರೆ. ಆ ರಿವೆಟ್ಟುಗಳು ಒಳಗಿನ ಒಂದು ಚರ್ಮದ ಪಟ್ಟಿಯನ್ನು ಹಿಡಿದಿರುತ್ತವೆ. ಮೆತ್ತೆಯನ್ನು ಹೊಲಿಯುವುದು ಆ ಪಟ್ಟಿಗೆ. ಬಟ್ಟೆ ಕೊಳೆತು ಹೋಗಿ ನೂರಾರು ವರ್ಷ ಆದರೂ ರಿವೆಟ್ ಸಾಲು ಮಾತ್ರ ಉಳಿದಿರುತ್ತದೆ.

ಮೈಗೂ ಇದೇ ಮಾತು. ಉಕ್ಕಿನ ಕೆಳಗೆ ದಪ್ಪ ಬಟ್ಟೆಯ ಅಂಗಿ ಬೇಕೇ ಬೇಕು. ಗ್ಯಾಂಬೆಸನ್ ಅನ್ನುತ್ತಾರೆ. ಬಟ್ಟೆ ಅಂತ ಸುಮ್ನೆ ಕಡೆಗಣಿಸಬೇಡಿ. 15ನೇ ಶತಮಾನದಲ್ಲಿ ಫ್ರಾನ್ಸಿನ ದೊರೆ 11ನೇ ಲೂಯಿ ತನ್ನ ಸೈನಿಕರ ದಪ್ಪಂಗಿಗೆ 30 ಪದರ, ತೀರಾ ಕಡಿಮೆ ಅಂದರೆ 25 ಪದರ ಬಟ್ಟೆ, ಜೊತೆಗೆ ಒಂದು ಜಿಂಕೆ ಚರ್ಮ ಹಾಕಬೇಕು ಅಂತ ಕಟ್ಟು ಮಾಡಿದ್ದ. ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ. ಕಾಲಾಳಾಗಿ ಸೆಣಸುವವನಿಗೆ ಕವಚ ತೊಡಿಸುವುದು ಹೇಗೆ ಅಂತ ಹೇಳುವ ಒಂದು ಕೈಬರಹ ಇಂಗ್ಲೆಂಡಿನಲ್ಲಿ ಅದೇ ಶತಮಾನದ್ದು ಸಿಕ್ಕಿದೆ. ಒಳಂಗಿಯಲ್ಲಿ ಗಾಳಿಯಾಡಲು ತೂತು ಬಿಡಬೇಕು ಅನ್ನುತ್ತದೆ. ಕವಚ ಕಟ್ಟುವ ದಾರ ಅಡ್ಡಬಿಲ್ಲಿನ ಹೆದೆಗೆ ಬಳಸುವಂಥ ಗಟ್ಟಿ ಹುರಿಯದ್ದಾಗಿರಬೇಕು, ಚಮ್ಮಾರರ ಮೇಣ ಹಚ್ಚಿರಬೇಕು ಅನ್ನುತ್ತದೆ. ಆಮೇಲೆ, ಮೊಣಕಾಲಿನ ಉಕ್ಕು ತೀಡಿ ಚರ್ಮ ಸುಲಿಯದ ಹಾಗೆ ತೆಳು ಕಂಬಳಿಯ ತುಂಡು ಸುತ್ತಿ ಅನ್ನುತ್ತದೆ. ಆರು ನೂರು ವರ್ಷಗಳ ಹತ್ತಿರ ಆಯಿತು. ನಾವೂ ಇವತ್ತು ಮೊಣಕಾಲಿಗೆ ಅದೇ ಕಂಬಳಿ ತುಂಡು ಸುತ್ತುತ್ತೇವೆ. ಬೇರೆ ಯಾವುದೂ ಅಷ್ಟು ಚೆನ್ನಾಗಿ ಆಗುವುದಿಲ್ಲ.

ಕವಚ ತೊಟ್ಟವನು ಅಲುಗಾಡಲಾರ, ಕ್ರೇನ್ ಕಟ್ಟಿ ಕುದುರೆ ಹತ್ತಿಸಬೇಕಿತ್ತು ಅಂತ ಒಂದು ಮಾತಿದೆ. ದಯವಿಟ್ಟು ನಂಬಬೇಡಿ. ಯುದ್ಧಕ್ಕೆ ತೊಡುವ ಪೂರ್ತಿ ಉಕ್ಕಿನ ಕವಚ ಸಾಮಾನ್ಯವಾಗಿ 20ರಿಂದ 25 ಕಿಲೋ. ಅದು ಹೆಗಲು, ಸೊಂಟ, ತೊಡೆ, ತೋಳು ಎಲ್ಲ ಕಡೆ ಹಂಚಿಕೊಂಡಿರುತ್ತದೆ. ಬೆನ್ನಿಗೆ 25 ಕಿಲೋ ಮೂಟೆ ಹೊರುವುದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ. ಫ್ರಾನ್ಸಿನ ಸೇನಾಪತಿ ಬೂಸಿಕೋ, 1421ರಲ್ಲಿ ತೀರಿಕೊಂಡವನು, ಹೆಲ್ಮೆಟ್ ಒಂದನ್ನು ಬಿಟ್ಟು ಪೂರ್ತಿ ಕವಚ ತೊಟ್ಟು ಲಾಗ ಹಾಕುತ್ತಿದ್ದ ಅಂತ ಅವನ ಕಾಲದಲ್ಲೇ ಬರೆದಿಟ್ಟಿದ್ದಾರೆ. ಆದರೆ ಇದಕ್ಕೆಲ್ಲ ಒಂದೇ ಷರತ್ತು. ಕವಚ ಅವನ ಅಳತೆಗೇ ಮಾಡಿದ್ದಾಗಿರಬೇಕು. ಮೊಣಕೈಯ ಕೀಲು ಎರಡು ಬೆರಳು ಕೆಳಗೆ ಬಂದರೂ ಸಾಕು, ಇಡೀ ತೋಳು ಕಟ್ಟಿಹಾಕಿದ ಹಾಗಾಗುತ್ತದೆ.

ಇನ್ನು ಮಾಡುವ ಕೆಲಸಕ್ಕೆ ಬರುತ್ತೇನೆ. ಮೊದಲು ಉಕ್ಕು ಮುಟ್ಟಬೇಡಿ. ದಪ್ಪ ಕಾಗದ ಕತ್ತರಿಸಿ, ಮೆತ್ತೆ ಹಾಕಿದ ತಲೆಯ ಮೇಲೆ ಇಟ್ಟು ನೋಡಿ. ಮೆತ್ತೆ ಹಾಕಿದ ತಲೆ ಅನ್ನುವುದನ್ನು ಒತ್ತಿ ಹೇಳುತ್ತೇನೆ. ಕಾಗದ ಸರಿಹೋದ ಮೇಲೆ 2 ಮಿಲಿಮೀಟರ್ ಉಕ್ಕಿನ ತಗಡು. ಮರದ ದಪ್ಪ ಕೊರಡಿನ ತಲೆಯಲ್ಲಿ ತಟ್ಟೆಯ ಹಾಗೆ ಒಂದು ಗುಳಿ ಕೊರೆದುಕೊಳ್ಳಬೇಕು. ತಗಡನ್ನು ಅದರ ಮೇಲೆ ಇಟ್ಟು, ಗುಂಡು ಮೂತಿಯ ಸುತ್ತಿಗೆಯಿಂದ ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರಬೇಕು. ಮೊದಲ ಸುತ್ತಿನಲ್ಲಿ ಏನೂ ಆಗುವುದಿಲ್ಲ ಅನ್ನಿಸುತ್ತದೆ. ಅಂಚು ಎಲೆಯ ಹಾಗೆ ಸುಕ್ಕುಗಟ್ಟುತ್ತದೆ. ಆ ಸುಕ್ಕನ್ನು ಕೂಡಲೇ ತಟ್ಟಿ ಇಳಿಸಬೇಕು. ಬಿಟ್ಟರೆ ಅದು ಮಡಚಿ ಸೀಳುತ್ತದೆ. ಮೂರನೇ ಸುತ್ತಿಗೆ ತಗಡು ಬಾಣಲೆಯ ಆಕಾರಕ್ಕೆ ಬರುತ್ತದೆ.

ಇಲ್ಲಿ ಕಿವಿ ಕೊಡಬೇಕು. ಮೊದಮೊದಲು ಸದ್ದು ದಬ್ ದಬ್ ಅಂತ ಮೆತ್ತಗೆ ಬರುತ್ತಿರುತ್ತದೆ. ಹೊಡೆಯುತ್ತಾ ಹೊಡೆಯುತ್ತಾ ಅದು ಟಣ್ ಅನ್ನಲು ಶುರುವಾಗುತ್ತದೆ. ಉಕ್ಕು ಬಿಗಿಯಿತು ಅಂತ ಅರ್ಥ. ಇನ್ನೂ ಹೊಡೆದರೆ ಬಿರುಕು ಬಿಡುತ್ತದೆ. ಆಗ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ನೀರಿಗೆ ಹಾಕದೆ, ತಾನಾಗಿ ಆರಲು ಬಿಡಬೇಕು. ಮತ್ತೆ ಮೆತ್ತಗಾಗುತ್ತದೆ. ಒಂದು ಎಚ್ಚರಿಕೆ. ಸತುವಿನ ಲೇಪ ಇರುವ ತಗಡನ್ನು ಯಾವತ್ತೂ ಕಾಯಿಸಬೇಡಿ. ಅದರ ಹೊಗೆ ಉಸಿರಿಗೆ ಹೋದರೆ ಚಳಿಜ್ವರ ಬಂದ ಹಾಗೆ ಮಲಗಿಸಿಬಿಡುತ್ತದೆ.

ಈಗಿನವರು ಬಹಳ ಮಂದಿ ಬುರುಡೆಯ ಎರಡು ಭಾಗವನ್ನು ಬೇರೆ ಬೇರೆ ತಟ್ಟಿ ನೆತ್ತಿಯ ಮೇಲೆ ಬೆಸೆಯುತ್ತಾರೆ. ತಪ್ಪೇನಿಲ್ಲ, ಬೆಸುಗೆ ಪೂರ್ತಿ ಒಳಗಿನ ತನಕ ಇಳಿದಿದ್ದರೆ ಸಾಕು. ಹಳಬರು ಒಂದೇ ತುಂಡನ್ನು ಗುಂಡು ತಲೆಯ ಕಬ್ಬಿಣದ ಗೂಟದ ಮೇಲೆ ಹೊರಗಿನಿಂದ ಬಡಿದು ಬಡಿದು ಎಬ್ಬಿಸುತ್ತಿದ್ದರು. ಗುಳಿಯಲ್ಲಿ ತಟ್ಟಿದರೆ ನಡುಭಾಗ ತೆಳುವಾಗುತ್ತದೆ. ಗೂಟದ ಮೇಲೆ ಎಬ್ಬಿಸಿದರೆ ನೆತ್ತಿಯಲ್ಲಿ ದಪ್ಪ ಉಳಿಯುತ್ತದೆ. ಏಟು ಜಾಸ್ತಿ ಬೀಳುವುದು ನೆತ್ತಿಗೇ ಅಲ್ವಾ? ಎಷ್ಟು ಚೆನ್ನಾಗಿ ಯೋಚನೆ ಮಾಡಿದ್ದಾರೆ ನೋಡಿ. ಎದೆಯ ಕವಚದಲ್ಲೂ ಹಾಗೇ. ನಡುವೆ ದಪ್ಪ, ಪಕ್ಕಕ್ಕೆ ಹೋದ ಹಾಗೆ ತೆಳು. ಬೇಕಾದ ಕಡೆ ಮಾತ್ರ ತೂಕ.

ಪುಟ್ಟ ಪುಟ್ಟ ಲೋಹದ ಉಂಗುರಗಳನ್ನು ಒಂದಕ್ಕೊಂದು ಹೆಣೆದು ಮಾಡುವ ಉಂಗುರದ ಅಂಗಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದಕ್ಕೇ ಇನ್ನೊಂದು ಭಾಷಣ ಬೇಕು. ಪ್ರತಿ ಉಂಗುರವೂ ಸುತ್ತಲಿನ 4 ಉಂಗುರಗಳನ್ನು ಹಿಡಿದಿರುತ್ತದೆ. ತುದಿಗಳನ್ನು ಬರಿ ಒತ್ತಿ ಮುಚ್ಚಿದ ಉಂಗುರ ಕಾಳಗದಲ್ಲಿ ಬಾಯಿ ಬಿಡುತ್ತದೆ. ಒಂದೊಂದಕ್ಕೂ ಪುಟ್ಟ ರಿವೆಟ್ ಹಾಕಿದ್ದನ್ನೇ ಕೊಳ್ಳಿ. ತೊಟ್ಟಾಗ ಸೊಂಟಕ್ಕೆ ಬೆಲ್ಟ್ ಬಿಗಿದು ಸ್ವಲ್ಪ ಮೇಲಕ್ಕೆ ಎಳೆದುಕೊಂಡರೆ ಅರ್ಧ ಭಾರ ಹೆಗಲಿನಿಂದ ಇಳಿಯುತ್ತದೆ.

ಈಗ ಸಂಗ್ರಹದ ಮಾತು. ಹಳೆಯ ಕವಚ ಹೇಗಿತ್ತು ಅಂತ ನಮಗೆ ಗೊತ್ತಾಗಿದ್ದು ಎಲ್ಲಿಂದ? ದುಃಖದ ಒಂದು ಜಾಗದಿಂದ ಬಹಳಷ್ಟು ಗೊತ್ತಾಗಿದೆ. 1361ರ ಜುಲೈಯಲ್ಲಿ ಡೆನ್ಮಾರ್ಕಿನ ದೊರೆ ವಾಲ್ಡೆಮಾರ್ ಗಾಟ್‌ಲೆಂಡ್ ದ್ವೀಪದ ಮೇಲೆ ದಂಡೆತ್ತಿ ಬಂದ. ವಿಸ್ಬಿ ಪಟ್ಟಣದ ಗೋಡೆಯ ಹೊರಗೆ ಅವನನ್ನು ಎದುರಿಸಿದವರಲ್ಲಿ ಹೆಚ್ಚಿನವರು ರೈತರು. ನೂರಾರು ಜನ ಸತ್ತರು. ಅವರಲ್ಲಿ ಅನೇಕರನ್ನು ತೊಟ್ಟ ಕವಚದ ಸಮೇತ ದೊಡ್ಡ ಗುಂಡಿಗಳಲ್ಲಿ ಹೂತರು. 20ನೇ ಶತಮಾನದ ಆರಂಭದಲ್ಲಿ ಅಗೆದಾಗ ಬಟ್ಟೆ, ಚರ್ಮ ಕರಗಿ ಹೋಗಿತ್ತು. ಒಳಗಿನಿಂದ ಅವಕ್ಕೆ ರಿವೆಟ್ ಹೊಡೆದು ಕೂರಿಸಿದ್ದ ಕಬ್ಬಿಣದ ಪಟ್ಟಿಗಳು ಮಾತ್ರ ಮೂಳೆಗಳ ಮೇಲೆ ಹಾಗೇ ಇದ್ದವು. ಬದುಕಿದ್ದಾಗ ಅವರನ್ನು ನೋಡಿದವರಿಗೆ ಕಂಡದ್ದು ಬಟ್ಟೆ. ನಮಗೆ ಕಂಡದ್ದು ಅವರ ಕವಚದ ಒಳಗು. ಮೊಣಕಾಲಿನ ಕೆಳಗಿನ ಮೂಳೆಗಳಲ್ಲಿ ಕಡಿದ ಗುರುತು ಎಷ್ಟೊಂದು ಇವೆಯೆಂದರೆ, ಅದನ್ನು ಓದಿದ ಮೇಲೆ ನಾನು ಕಾಲಿನ ಕವಚ ಇಲ್ಲದೆ ಅಂಗಳಕ್ಕೆ ಇಳಿದೇ ಇಲ್ಲ.

ಇನ್ನೊಂದು ಆಧಾರ ಸಮಾಧಿಯ ಮೇಲಿನ ಮೂರ್ತಿಗಳು. ಇಂಗ್ಲೆಂಡಿನ ವಾರಿಕ್ ಪಟ್ಟಣದ ಸೇಂಟ್ ಮೇರಿ ಚರ್ಚಿನಲ್ಲಿ 1439ರಲ್ಲಿ ತೀರಿಕೊಂಡ ರಿಚರ್ಡ್ ಬೋಷಾಂಪ್ ಎಂಬ ಪ್ರಭುವಿನ ಮೂರ್ತಿ ಅಂಗಾತ ಮಲಗಿದೆ. ಚಿನ್ನದ ನೀರು ಹಾಕಿದ ಕಂಚು. ನೂರಾರು ವರ್ಷ ಜನ ಅದರ ಮುಂಭಾಗ ನೋಡಿಕೊಂಡು ಹೋದರು. 19ನೇ ಶತಮಾನದ ಆರಂಭದಲ್ಲಿ ಚಾರ್ಲ್ಸ್ ಸ್ಟಾದರ್ಡ್ ಎಂಬ ಚಿತ್ರಕಾರ ಅದನ್ನು ಮಗುಚಿಸಿ ನೋಡಿದ. ಯಾರಿಗೂ ಕಾಣದ ಬೆನ್ನಿನಲ್ಲಿ ಪ್ರತಿ ಪಟ್ಟಿ, ಪ್ರತಿ ಬಕಲ್, ಪ್ರತಿ ಕೀಲು ಕೆತ್ತಿದ್ದು ಹಾಗೇ ಇತ್ತು. ಕವಚವನ್ನು ಹಿಂದೆ ಹೇಗೆ ಬಿಗಿಯುತ್ತಿದ್ದರು ಅಂತ ತಿಳಿಯಲು ಕವಚ ಮಾಡುವವರು ಇಂದಿಗೂ ಆ ಬೆನ್ನಿನ ಚಿತ್ರ ತೆಗೆದು ನೋಡುತ್ತಾರೆ.

ನಿಜವಾದ ಹಳೆಯ ಹೆಲ್ಮೆಟ್ ಕೊಳ್ಳುವ ಶಕ್ತಿ ಕೆಲವರಿಗೇ ಇರುವುದು. ಕೊಳ್ಳುವುದಾದರೆ ಅವಸರ ಬೇಡ. 1839ರಲ್ಲಿ ಸ್ಕಾಟ್‌ಲೆಂಡಿನ ಎಗ್ಲಿಂಟನ್‌ನಲ್ಲಿ ಮಳೆಯಲ್ಲೇ ನಡೆದ ಹಳೆ ಶೈಲಿಯ ದೊಡ್ಡ ಪಂದ್ಯದ ಕಾಲಕ್ಕೆ ಕವಚದ ಹುಚ್ಚು ಜೋರಾಗಿತ್ತು. ಆ ಶತಮಾನದಲ್ಲಿ ನಕಲಿ ಕವಚಗಳೂ ಹುಟ್ಟಿದವು, ಬೇರೆ ಬೇರೆ ಕವಚದ ತುಂಡು ಕೂಡಿಸಿ ಒಂದೇ ಅಂತ ಮಾರಿದ್ದೂ ಆಯಿತು. ನಕಲಿಯನ್ನು ಪತ್ತೆ ಮಾಡುವುದು ಒಳಗಿನಿಂದ. ತಗಡು ಎಲ್ಲ ಕಡೆ ಒಂದೇ ದಪ್ಪ ಇದೆಯಾ? ಅನುಮಾನ ಪಡಿ. ಒಳಗೆ ಸುತ್ತಿಗೆಯ ಗುರುತು ಸಾಲಾಗಿ ಇದೆಯಾ? ತುಕ್ಕು ರಿವೆಟ್ಟಿನ ಬುಡಕ್ಕೂ ಇಳಿದಿದೆಯಾ? ಇವೆರಡೂ ಇಲ್ಲದಿದ್ದರೂ ಅನುಮಾನ ಪಡಿ. ಕವಚಕ್ಕೆ ಹೆಸರಾಗಿದ್ದ ಜರ್ಮನಿಯ ಔಗ್ಸ್‌ಬರ್ಗ್ ಊರಿನ ಪೈನ್ ಕಾಯಿಯ ಮುದ್ರೆ ಇದೆ ಅಂದರೂ ಅದೊಂದನ್ನೇ ನಂಬಬೇಡಿ. ಮುದ್ರೆ ಒತ್ತುವುದು ಸುಲಭ. ಮತ್ತೆ, ಹಳೆಯದು ಸಿಕ್ಕಿತು ಅಂತ ಉಜ್ಜಿ ಬೆಳಗಬೇಡಿ. ಹಾಗೆ ಉಜ್ಜಿ ಉಜ್ಜಿ ಎಷ್ಟೋ ಕವಚಗಳ ಹಳೆಯ ಮೈ ಅಳಿಸಿ ಹೋಗಿದೆ. ಎಣ್ಣೆ ಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಮೇಣ ಹಚ್ಚಿ ಇಡಿ, ಸಾಕು.

ನಾವು ಆಡುವ ಕವಚಕ್ಕೆ ಶತ್ರು ಎದುರಾಳಿಗಿಂತ ಬೆವರು. ಆಟ ಮುಗಿದ ಕೂಡಲೇ ಮೆತ್ತೆ ಬಿಚ್ಚಿ ಗಾಳಿಗೆ ಹಾಕಬೇಕು. ಒದ್ದೆ ಮೆತ್ತೆಯನ್ನು ಒಂದು ರಾತ್ರಿ ಹಾಗೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಒಳಗೆ ಕಂದು ಚುಕ್ಕೆ ಏಳುತ್ತದೆ. ಹೊರಗೆ ಹೊಳೆಯುತ್ತಲೇ ಇರುತ್ತದೆ.

ಈಗ ನನ್ನ ಮೇಜಿನ ಮೇಲೆ ಒಂದು ಹೊಸ ಹೆಲ್ಮೆಟ್ ಇದೆ. ಒಂದೇ ತುಂಡಿನಿಂದ ಎಬ್ಬಿಸಿದ್ದು. ನಾಲ್ಕನೆಯ ಪ್ರಯತ್ನಕ್ಕೆ ಬಿರುಕಿಲ್ಲದೆ ಬಂತು. ಹೊರಮೈ ಇನ್ನೂ ಕಪ್ಪಗೇ ಇದೆ, ಉಜ್ಜಿಲ್ಲ. ಮೊದಲು ಮೆತ್ತೆ ಮುಗಿಸಬೇಕು. ಲಿನಿನ್ ಬಟ್ಟೆಯಲ್ಲಿ 16 ಸಾಲು, ಒಂದೊಂದರಲ್ಲೂ ಉಣ್ಣೆ ತುಂಬಿ ಹೊಲಿಯಬೇಕು. ನಿನ್ನೆ ರಾತ್ರಿಗೆ 11 ಸಾಲು ಆಗಿದೆ. ಇವತ್ತು ಹನ್ನೆರಡನೆಯದಕ್ಕೆ ಕೂರುತ್ತೇನೆ.

ನಮಸ್ಕಾರ.